ಕ್ಷಮೆ ದೊರೆತ ಮೇಲೂ ವೈದ್ಯರೇಕೆ?

ವಿವಾಹಪೂರ್ವ ತರಬೇತಿ ಶಿಬಿರಗಳಲ್ಲಿ ಆರೋಗ್ಯದ ವಿಷಯವಾಗಿ ಒಂದು ಗಂಟೆ ಮಾತನಾಡಲು ನನ್ನನ್ನು ಕರೆಯುವುದುಂಟು. ಬಹಳ ವರ್ಷ ನರ್ಸ್ ಆಗಿ ದುಡಿದವಳು ಎಂಬುದಷ್ಟೇ ನನಗಿರುವ ಅರ್ಹತೆ. ಮದುವೆ ಗೊತ್ತಾದ ಹುಡುಗ ಹುಡುಗಿಯರು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ. ಎಲ್ಲರೆದುರು ಎದ್ದು ನಿಂತು ಕೇಳಲು ಅವರಿಗೆ ಸಂಕೋಚ. ಆದ್ದರಿಂದ ಕೊನೆಯಲ್ಲಿ ಒಂದು ಖಾಲಿ ಬಿಸ್ಕತ್ತಿನ ಡಬ್ಬಿಯನ್ನು ಕೈಯಿಂದ ಕೈಗೆ ಕಳುಹಿಸುತ್ತೇವೆ. ಹೆಸರು ಬರೆಯದೆ ಪ್ರಶ್ನೆಯನ್ನು ಮಾತ್ರ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬಹುದು.

ಕೆಲವು ವರ್ಷಗಳ ಹಿಂದೆ ಅಂಥ ಡಬ್ಬಿಯಲ್ಲಿ ಒಂದು ಚೀಟಿ ಬಂತು. ಅದರಲ್ಲಿದ್ದುದು ಇಷ್ಟು: "ಒಂದು ತಪ್ಪು ನಡೆದುಹೋಯಿತು. ಆಮೇಲೆ ಮರ್ಮಾಂಗದ ಮೇಲೆ ಒಂದು ಹುಣ್ಣಾಯಿತು. ನೋವಿರಲಿಲ್ಲ. ಪಾಪನಿವೇದನೆ ಮಾಡಿದೆ. ಹುಣ್ಣು ತಾನಾಗಿಯೇ ಮಾಯವಾಯಿತು. ದೇವರೇ ಕ್ಷಮಿಸಿದ ಮೇಲೆ ಡಾಕ್ಟರ ಬಳಿ ಏಕೆ ಹೋಗಬೇಕು? ಹುಡುಗಿಗೆ ಏಕೆ ಹೇಳಬೇಕು?"

ಓದಿ ನನಗೆ ಮುಖ ಬೆವರಿತು. ಮುಂದಿನ ಸಾಲಿನಲ್ಲಿ ಧರ್ಮಕೇಂದ್ರದ ಗುರುಗಳು ಕುಳಿತಿದ್ದರು. ಹೆಣ್ಣುಮಕ್ಕಳು ನನ್ನನ್ನೇ ನೋಡುತ್ತಿದ್ದರು. ಚೀಟಿಯನ್ನು ಗಟ್ಟಿಯಾಗಿ ಓದುವ ಧೈರ್ಯ ನನಗಾಗಲಿಲ್ಲ. "ಏನೇ ತೊಂದರೆ ಇದ್ದರೂ ವೈದ್ಯರನ್ನು ಕಾಣಿ" ಎಂದು ಒಂದು ಮಾತು ಹೇಳಿ ಮುಂದಿನ ಚೀಟಿಗೆ ಕೈ ಹಾಕಿದೆ. ಆ ಹುಡುಗ ಯಾರೋ ನನಗೆ ತಿಳಿಯದು. ಅವನಿಗೆ ಉತ್ತರ ಸಿಗಲಿಲ್ಲ ಎಂಬುದು ಮಾತ್ರ ತಿಳಿದಿದೆ. ಚೀಟಿ ಇಂದಿಗೂ ನನ್ನ ಪ್ರಾರ್ಥನಾ ಪುಸ್ತಕದೊಳಗಿದೆ. ಅಂದು ನಾನು ಮಾಡಿದ್ದೂ ಮುಚ್ಚಿಡುವ ಕೆಲಸವೇ. ಆ ಸಾಲವನ್ನು ಇಂದು ಈ ಪುಟದಲ್ಲಿ ತೀರಿಸಲು ಪ್ರಯತ್ನಿಸುತ್ತಿದ್ದೇನೆ.

ಪ್ರಿಯ ಓದುಗರೇ, ಈ ವಿಷಯ ನಮ್ಮ ಮನೆಗೆ ಸಂಬಂಧಿಸಿದ್ದಲ್ಲ ಎಂದು ಪುಟ ಮಗುಚಬೇಡಿ. ಲೋಕದಲ್ಲಿ ಪ್ರತಿದಿನ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ, ಔಷಧದಿಂದ ವಾಸಿಯಾಗಬಲ್ಲ ಲೈಂಗಿಕ ರೋಗಗಳು ಹೊಸದಾಗಿ ತಗಲುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2020ನೇ ಒಂದೇ ವರ್ಷದಲ್ಲಿ ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು ರೋಗಗಳು ಸೇರಿ 37 ಕೋಟಿಗೂ ಹೆಚ್ಚು ಹೊಸ ಸೋಂಕುಗಳಾದವೆಂದು ಅದು ಲೆಕ್ಕ ಹಾಕಿದೆ. ಇಷ್ಟು ಜನರಲ್ಲಿ ದೇವಾಲಯಕ್ಕೆ ಹೋಗುವವರು ಯಾರೂ ಇಲ್ಲವೆಂದು ಹೇಳಲಾದೀತೇ?

ರೋಗ ನ್ಯಾಯಾಧೀಶನೇ?

ನಮ್ಮ ಹಿರಿಯರು ಈ ಕಾಯಿಲೆಗಳನ್ನು ಗುಪ್ತರೋಗ ಎಂದು ಕರೆದರು. ದೇಹದ ಗುಪ್ತ ಭಾಗಕ್ಕೆ ಬರುವುದರಿಂದ ಆ ಹೆಸರು ಬಂದಿರಬೇಕು. ಆದರೆ ಅದು ಕ್ರಮೇಣ ಒಂದು ಅಪ್ಪಣೆಯಂತಾಯಿತು: ಈ ರೋಗ ಬಂದರೆ ಗುಪ್ತವಾಗಿಡು! ಹೀಗೆ ಗುಪ್ತವಾಗಿಡುವುದರ ಹಿಂದೆ ಒಂದು ನಂಬಿಕೆಯಿದೆ. ಈ ರೋಗ ಬಂದವನು ಕೆಟ್ಟವನು, ರೋಗವೇ ಅವನಿಗೆ ದೇವರು ಕೊಟ್ಟ ಶಿಕ್ಷೆ ಎಂಬ ನಂಬಿಕೆ.

ಈ ನಂಬಿಕೆ ನಿಜವೇ? ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಹುಟ್ಟುಕುರುಡನನ್ನು ಕಂಡ ಶಿಷ್ಯರಿಗೆ ತಿಳಿಯಬೇಕಾಗಿದ್ದುದು ಒಂದೇ: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ? ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ. ಇಬ್ಬರೂ ಅಲ್ಲವೆಂದು ಹೇಳಿ, ಅವನ ಕಣ್ಣಿಗೆ ಬೆಳಕು ಕೊಡುವ ಕೆಲಸಕ್ಕೆ ತೊಡಗಿದರು.

ರೋಗದ ಅಣುಜೀವಿ ಯಾರ ನಡತೆಯನ್ನೂ ವಿಚಾರಿಸುವುದಿಲ್ಲ. ತನ್ನ ಗಂಡನನ್ನು ಬಿಟ್ಟು ಬೇರೊಬ್ಬನ ಮುಖ ನೋಡದ ಹೆಣ್ಣುಮಗಳಿಗೂ ಗಂಡನಿಂದಲೇ ಸಿಫಿಲಿಸ್ ಬರುತ್ತದೆ. ಆಕೆಯ ಗರ್ಭದಲ್ಲಿರುವ ಕೂಸಿಗೂ ತಗಲುತ್ತದೆ. ಆ ಕೂಸು ಯಾವ ಪಾಪ ಮಾಡಿತ್ತು? ಇತ್ತ ಹತ್ತು ಸಲ ತಪ್ಪು ಮಾಡಿಯೂ ಯಾವ ರೋಗವೂ ತಗಲದ ಗಂಡಸರಿದ್ದಾರೆ. ಅವರೆಲ್ಲರೂ ನೀತಿವಂತರೇ? ರೋಗ ನ್ಯಾಯಾಧೀಶನಾಗಿದ್ದರೆ ಅದಕ್ಕಿಂತ ಕೆಟ್ಟ ನ್ಯಾಯಾಧೀಶ ಮತ್ತೊಬ್ಬನಿಲ್ಲ.

ಈ ತಪ್ಪು ಲೆಕ್ಕಾಚಾರಕ್ಕೆ ನಮ್ಮ ಸಂತರೊಬ್ಬರೇ ಗುರಿಯಾಗಿದ್ದರು. ಬೆಲ್ಜಿಯಂ ದೇಶದ ಗುರು ದಾಮಿಯಾನರು 1873ರಲ್ಲಿ ಹವಾಯಿಯ ಮೊಲೊಕೈ ದ್ವೀಪಕ್ಕೆ ಹೋಗಿ, ಊರುಗಳಿಂದ ಹೊರದೂಡಲ್ಪಟ್ಟ ಕುಷ್ಠರೋಗಿಗಳ ನಡುವೆ ನೆಲೆಸಿದರು. ಅವರ ಹುಣ್ಣು ತೊಳೆದರು, ಸತ್ತವರಿಗೆ ಗುಂಡಿ ತೋಡಿದರು. ಕೊನೆಗೆ ಅದೇ ರೋಗ ಬಂದು 1889ರಲ್ಲಿ ತೀರಿಕೊಂಡರು. ಕುಷ್ಠಕ್ಕೂ ಲೈಂಗಿಕ ರೋಗಕ್ಕೂ ನಂಟಿದೆಯೆಂದು ನಂಬುವವರು ಆ ಕಾಲದಲ್ಲಿದ್ದರು. ಹೊನೊಲುಲುವಿನಲ್ಲಿದ್ದ ಬೇರೊಂದು ಸಭೆಯ ಬೋಧಕರು, ದಾಮಿಯಾನರಿಗೆ ರೋಗ ಬಂದದ್ದು ಅವರ ದುರ್ನಡತೆಯಿಂದಲೇ ಎಂದು ಕಾಗದ ಬರೆದರು. ಅದು ಪತ್ರಿಕೆಯಲ್ಲೂ ಅಚ್ಚಾಯಿತು. 1890ರಲ್ಲಿ ಅದಕ್ಕೆ ಬಹಿರಂಗ ಪತ್ರದ ಮೂಲಕ ಕಟುವಾದ ಉತ್ತರ ಕೊಟ್ಟವರು, ಸ್ವತಃ ಕಥೋಲಿಕರಲ್ಲದ ಪ್ರಖ್ಯಾತ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. 2009ರಲ್ಲಿ ಧರ್ಮಸಭೆ ದಾಮಿಯಾನರನ್ನು ಸಂತರೆಂದು ಘೋಷಿಸಿತು. ರೋಗವನ್ನು ನೋಡಿ ನಡತೆಯನ್ನು ಅಳೆಯಲು ಹೊರಡುವವರು ಈ ಒಂದು ಕಥೆಯನ್ನು ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ ಪಾಪವೆಂಬುದೇ ಇಲ್ಲವೇ? ಇದೆ. ವಿವಾಹದ ಹೊರಗಿನ ಸಂಗವನ್ನು ಧರ್ಮಸಭೆ ಪಾಪವೆಂದೇ ಬೋಧಿಸುತ್ತದೆ. ಚೀಟಿ ಬರೆದ ಹುಡುಗನಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಅವನು ಪಾಪನಿವೇದನೆಗೆ ಹೋದ. ಅವನಿಗೆ ಗೊತ್ತಿಲ್ಲದಿದ್ದುದು ಬೇರೆ. ಪಾಪದ ಲೆಕ್ಕ ಒಂದು ಪುಸ್ತಕದಲ್ಲಿದ್ದರೆ ರೋಗದ ಲೆಕ್ಕ ಇನ್ನೊಂದರಲ್ಲಿದೆ. ಒಂದನ್ನು ತೀರಿಸಿದರೆ ಇನ್ನೊಂದು ತೀರಿದಂತಾಗುವುದಿಲ್ಲ.

ಮಾಯವಾದ ಹುಣ್ಣು

ಚೀಟಿಯ ಮೊದಲ ಪ್ರಶ್ನೆಗೆ ಬರೋಣ. ದೇವರೇ ಕ್ಷಮಿಸಿದ ಮೇಲೆ ವೈದ್ಯರ ಬಳಿ ಏಕೆ ಹೋಗಬೇಕು?

ಮರದಿಂದ ಬಿದ್ದು ಕಾಲು ಮುರಿದುಕೊಂಡ ಮಾವಿನಕಾಯಿ ಕಳ್ಳನೊಬ್ಬನನ್ನು ಊಹಿಸಿಕೊಳ್ಳಿ. ಅವನು ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದರೆ ಕದ್ದ ಪಾಪ ಹೋಯಿತು. ಮುರಿದ ಕಾಲು? ಅದಕ್ಕೆ ಪಟ್ಟಿ ಕಟ್ಟಿಸಲೇಬೇಕು. ಆಸ್ಪತ್ರೆಗೆ ಹೋಗುವುದು ದೇವರ ಕ್ಷಮೆಯ ಮೇಲಿನ ಅಪನಂಬಿಕೆ ಎಂದು ಯಾರೂ ಹೇಳುವುದಿಲ್ಲ. ಮಾಡು ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಯ ವಿಷಯದಲ್ಲಿ ಯೇಸುಸ್ವಾಮಿ ಮೊದಲು ಪಾಪಗಳನ್ನು ಕ್ಷಮಿಸಿದರು. ಅಷ್ಟಕ್ಕೇ ಅವನು ಎದ್ದು ನಡೆಯಲಿಲ್ಲ. ಎದ್ದು ಹಾಸಿಗೆ ಹೊತ್ತು ನಡೆ ಎಂಬುದು ಅವರು ಆಡಿದ ಎರಡನೆಯ ಮಾತು. ಆತ್ಮಕ್ಕೊಂದು, ದೇಹಕ್ಕೊಂದು. ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ವೈದ್ಯನನ್ನು ಗೌರವಿಸಬೇಕೆಂದೂ, ಔಷಧಗಳನ್ನು ನೆಲದಿಂದ ಉಂಟುಮಾಡಿದವನು ದೇವರೇ ಎಂದೂ, ಪ್ರಾರ್ಥನೆ ಮಾಡಿ ವೈದ್ಯನಿಗೂ ಸ್ಥಳ ಕೊಡಬೇಕೆಂದೂ ಕಲಿಸುತ್ತದೆ.

ಇನ್ನು ಆ ಹುಣ್ಣು. ನೋವಿಲ್ಲದ ಹುಣ್ಣು, ತಾನಾಗಿ ಮಾಯವಾದ ಹುಣ್ಣು ಎಂದು ಓದಿದಾಗಲೇ ನನಗೆ ಭಯವಾಯಿತು. ಸಿಫಿಲಿಸ್ ರೋಗದ ಮೊದಲ ಲಕ್ಷಣ ಹೆಚ್ಚಾಗಿ ಹೀಗೆಯೇ ಇರುತ್ತದೆ. ಸೋಂಕು ತಗಲಿದ ಸುಮಾರು ಮೂರು ವಾರಗಳಲ್ಲಿ, ಕೆಲವೊಮ್ಮೆ ಮೂರು ತಿಂಗಳ ಒಳಗೆ, ಒಂದು ಗಟ್ಟಿ ಹುಣ್ಣು ಕಾಣಿಸುತ್ತದೆ. ಔಷಧವಿಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ಅದು ಒಣಗುತ್ತದೆ. ಆದರೆ ರೋಗ ಹೋಗಿರುವುದಿಲ್ಲ, ರಕ್ತದಲ್ಲಿ ಸೇರಿಕೊಂಡಿರುತ್ತದೆ. ಕೆಲವು ವಾರಗಳ ಮೇಲೆ ಮೈಮೇಲೆ, ಅಂಗೈ ಅಂಗಾಲುಗಳಲ್ಲಿ ಸಹ, ತುರಿಕೆಯಿಲ್ಲದ ಕಲೆಗಳು ಏಳಬಹುದು. ಅವೂ ಮಾಯವಾಗುತ್ತವೆ. ಮುಂದೆ ಹಲವು ವರ್ಷ ಯಾವ ಲಕ್ಷಣವೂ ಇಲ್ಲದಿರಬಹುದು. ಆಮೇಲೆ ಕೆಲವರಲ್ಲಿ ಹೃದಯಕ್ಕೆ, ಮಿದುಳಿಗೆ, ಕಣ್ಣಿಗೆ ಪೆಟ್ಟು ಬೀಳುತ್ತದೆ. ಆ ಹುಡುಗ ದೇವರ ಕ್ಷಮೆಯ ಗುರುತೆಂದು ತಿಳಿದುಕೊಂಡದ್ದು ರೋಗದ ಎರಡನೆಯ ಹೆಜ್ಜೆಯಾಗಿದ್ದಿರಬಹುದು.

ಇದಕ್ಕೆ ಮದ್ದು ಇಲ್ಲವೇ? ಇದೆ, ಅದೂ ಹಳೆಯ, ಅಗ್ಗದ, ಪಳಗಿದ ಮದ್ದು. 1943ರಲ್ಲಿ ಮೊದಲ ಬಾರಿಗೆ ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಮಾಡಿದರು. ರೋಗದ ಆರಂಭದ ಹಂತದಲ್ಲಾದರೆ 24 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಒಂದೇ ಸಲ ಕೊಟ್ಟರೆ ಸಾಕಾಗುತ್ತದೆ. ತಡವಾಗಿದ್ದರೆ ವಾರಕ್ಕೊಂದರಂತೆ ಮೂರು ಸಲ ಕೊಡಬೇಕಾಗುತ್ತದೆ. ಪೆನಿಸಿಲಿನ್ ಮೈಗೆ ಒಗ್ಗದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ರೋಗ ಇದೆಯೇ ಎಂದು ತಿಳಿಯಲು ವಿಡಿಆರ್‌ಎಲ್ ಮುಂತಾದ ಸರಳ ರಕ್ತಪರೀಕ್ಷೆಗಳಿವೆ. ಒಂದು ಸೂಜಿಯ ನೋವಿಗೂ ಒಂದು ಜೀವಮಾನದ ಕೇಡಿಗೂ ನಡುವೆ ನಿಂತಿರುವುದು ನಾಚಿಕೆಯೊಂದೇ.

ಬೇರೆ ರೋಗಗಳ ಕಥೆಯೂ ಸುಮಾರಾಗಿ ಹೀಗೆಯೇ. ಗೊನೋರಿಯಾ ಬಂದ ಗಂಡಸರಿಗೆ ಸಾಮಾನ್ಯವಾಗಿ ಮೂತ್ರ ಮಾಡುವಾಗ ಉರಿ, ಕೀವು ಕಾಣುತ್ತದೆ. ಹೆಂಗಸರಲ್ಲಿ ಗೊನೋರಿಯಾ, ಕ್ಲಮೀಡಿಯಾ ಎರಡೂ ಹೆಚ್ಚಾಗಿ ಸದ್ದಿಲ್ಲದೆ ಇರುತ್ತವೆ. ಒಳಗೊಳಗೇ ಗರ್ಭನಾಳಗಳು ಮುಚ್ಚಿಕೊಂಡು ಮಕ್ಕಳಾಗದೆ ಹೋಗಬಹುದು. ಆಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಸೊಸೆಗೆ ಬಂಜೆ ಎಂಬ ಹೆಸರು. ಹರಕೆ, ನವದಿನ ಪ್ರಾರ್ಥನೆ, ವೇಳಾಂಗಣ್ಣಿಯ ಯಾತ್ರೆ. ಪಕ್ಕದಲ್ಲೇ ತಲೆತಗ್ಗಿಸಿ ನಿಂತ ಮಗನಿಗೆ ತನ್ನ ಹಳೆಯ ಕಾಯಿಲೆಯ ನೆನಪಿದ್ದರೂ ಬಾಯಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಇಂಥ ಹೆಂಗಸರ ಕಣ್ಣೀರನ್ನು ನಾನು ಕಂಡಿದ್ದೇನೆ. ಮಕ್ಕಳಾಗದಿರಲು ಕಾರಣಗಳು ಅನೇಕ ಉಂಟು, ಪ್ರತಿಯೊಂದಕ್ಕೂ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಪರೀಕ್ಷೆ ಮಾಡಿಸಬೇಕಾದವರು ಇಬ್ಬರೂ ಎಂಬುದನ್ನು ಮಾತ್ರ ಯಾವ ಅತ್ತೆಯೂ ಮರೆಯಬಾರದು.

ನಾಚಿಕೆಯಿಂದ ವೈದ್ಯರನ್ನು ತಪ್ಪಿಸಿಕೊಂಡವರು ಎಲ್ಲಿಗೆ ಹೋಗುತ್ತಾರೆಂಬುದು ನಿಮಗೂ ಗೊತ್ತು. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಮೂತ್ರಾಲಯದ ಬಾಗಿಲುಗಳ ಮೇಲೆ ಗುಪ್ತರೋಗಕ್ಕೆ ಶರ್ತಿಯ ಚಿಕಿತ್ಸೆ ಎಂಬ ಚೀಟಿಗಳಿರುತ್ತವಲ್ಲ, ಅಲ್ಲಿಗೆ. ಇಲ್ಲವೇ ಮೆಡಿಕಲ್ ಶಾಪಿಗೆ ಹೋಗಿ, ಸ್ನೇಹಿತನಿಗೆಂದು ಸುಳ್ಳು ಹೇಳಿ ನಾಲ್ಕು ಮಾತ್ರೆ ತರುತ್ತಾರೆ. ಅರ್ಧಂಬರ್ಧ ಔಷಧ ನುಂಗುವುದರಿಂದ ರೋಗ ಅಡಗುತ್ತದೆಯೇ ಹೊರತು ಅಳಿಯುವುದಿಲ್ಲ. ಔಷಧಕ್ಕೆ ಬಗ್ಗದ ಅಣುಜೀವಿಗಳೂ ಹೀಗೆಯೇ ಬೆಳೆಯುತ್ತವೆ. ಗೊನೋರಿಯಾ ಒಂದೊಂದಾಗಿ ಅನೇಕ ಔಷಧಗಳನ್ನು ಸೋಲಿಸಿ, ಈಗ ವೈದ್ಯರ ಕೈಯಲ್ಲಿ ಕೆಲವೇ ಔಷಧಗಳು ಉಳಿಯುವಂತಾಗಿದೆ.

ಹುಡುಗಿಗೆ ಹೇಳಬೇಕೇ?

ಇದು ಕಷ್ಟದ ಪ್ರಶ್ನೆ. ಹೇಳಿದರೆ ಮದುವೆ ಮುರಿಯಬಹುದು. ದೇವಾಲಯದಲ್ಲಿ ವಿವಾಹ ಪ್ರಕಟಣೆ ಓದಿಯಾಗಿದೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ, ಎರಡು ಮನೆಗಳ ಮಾನದ ಪ್ರಶ್ನೆ. ಕ್ಷಮಿಸಲ್ಪಟ್ಟ ಪಾಪವನ್ನು ಮತ್ತೆ ಕೆದಕುವುದೇಕೆ ಎಂದು ಹುಡುಗ ಕೇಳುವುದರಲ್ಲಿ ಒಂದು ನ್ಯಾಯವೂ ಇದೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡೋಣ. ನಡೆದುಹೋದ ಪಾಪ ನಿನ್ನೆಗೆ ಸೇರಿದ್ದು. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನು ಅದರ ಕಥೆಯನ್ನು ಯಾವಾಗ, ಎಲ್ಲಿ, ಯಾರೊಡನೆ ಎಂದು ಬಿಡಿಸಿ ಊರಿಗೆಲ್ಲ ಹೇಳುತ್ತ ಹೋಗಬೇಕಾಗಿಲ್ಲ. ದೇವರು ಅಳಿಸಿದ್ದನ್ನು ನಾವು ಮತ್ತೆ ಬರೆಯಬೇಕಾಗಿಲ್ಲ. ಆದರೆ ರೋಗ ನಿನ್ನೆಗೆ ಸೇರಿದ್ದಲ್ಲ. ಅದು ಇಂದು ನಿಮ್ಮ ಮೈಯಲ್ಲಿದೆ, ನಾಳೆ ಅವಳ ಮೈ ಸೇರಲಿದೆ. ಪಾಪದ ಕಥೆ ನಿಮ್ಮದು. ಅವಳ ಶರೀರ ನಿಮ್ಮದಲ್ಲ. ಅದರೊಳಕ್ಕೆ ಅವಳಿಗೆ ತಿಳಿಯದಂತೆ ರೋಗವನ್ನು ತರುವ ಹಕ್ಕು ಯಾವ ಗಂಡನಿಗೂ ಇಲ್ಲ.

ಈ ಪ್ರಶ್ನೆ ನಮ್ಮ ದೇಶದ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಒಬ್ಬರು ಆಸ್ಪತ್ರೆಯಲ್ಲಿ ರಕ್ತ ಕೊಡಲು ಹೋದಾಗ ಅವರಿಗೆ ಎಚ್‌ಐವಿ ಇರುವುದು ಪತ್ತೆಯಾಯಿತು. ವಿಷಯ ಹೊರಬಿದ್ದು ಗೊತ್ತಾಗಿದ್ದ ಮದುವೆ ನಿಂತುಹೋಯಿತು. ರೋಗಿಯ ಗುಟ್ಟನ್ನು ಕಾಯಬೇಕಾದ ಆಸ್ಪತ್ರೆಯೇ ಬಯಲುಮಾಡಿತೆಂದು ಅವರು ನ್ಯಾಯ ಕೇಳಿದರು. 1998ರಲ್ಲಿ ತೀರ್ಪು ಬಂತು. ಗುಟ್ಟಿನ ಹಕ್ಕು ದೊಡ್ಡದೇ, ಆದರೆ ಮದುವೆಯಾಗಲಿರುವ ಹೆಣ್ಣಿನ ಆರೋಗ್ಯದ, ಜೀವದ ಹಕ್ಕಿನೆದುರು ಅದು ನಿಲ್ಲಲಾರದು ಎಂಬುದು ಅದರ ಸಾರ. ಅಂಥವರ ಮದುವೆಯಾಗುವ ಹಕ್ಕಿನ ಬಗ್ಗೆ ಆ ತೀರ್ಪಿನಲ್ಲಿ ಆಡಿದ ಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯ ಹೇಳಿತು. ತಿಳಿದು, ಒಪ್ಪಿ ಕೈಹಿಡಿಯುವವರನ್ನು ಯಾರೂ ತಡೆಯಲಾಗದು. ತಿಳಿಸದೆ ಕೈಹಿಡಿಯುವುದೇ ತಪ್ಪು.

2017ರ ಎಚ್‌ಐವಿ ಕಾಯಿದೆ ಈ ಎರಡು ಹಕ್ಕುಗಳನ್ನೂ ತೂಗಿ ನೋಡಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಗುಟ್ಟಾಗಿಡಬೇಕು, ರೋಗದ ಕಾರಣಕ್ಕೆ ಕೆಲಸದಿಂದಾಗಲಿ ಶಾಲೆಯಿಂದಾಗಲಿ ಹೊರಹಾಕಬಾರದು ಎನ್ನುತ್ತದೆ. ಅದರ ಜೊತೆಗೇ, ತನಗೆ ಸೋಂಕಿದೆಯೆಂದು ತಿಳಿದವನು ಇನ್ನೊಬ್ಬರಿಗೆ ತಗಲದಂತೆ ಎಚ್ಚರ ವಹಿಸಬೇಕೆಂದೂ ವಿಧಿಸುತ್ತದೆ. ಸಂಗಾತಿಗೆ ಹೇಳೆಂದು ತಿಳಿಹೇಳಿದರೂ ಹೇಳದವನ ವಿಷಯದಲ್ಲಿ, ಅವನಿಗೆ ಮೊದಲೇ ತಿಳಿಸಿ ವೈದ್ಯರೇ ಸಂಗಾತಿಗೆ ಹೇಳಬಹುದು. ಹೇಳಿದರೆ ಹೊಡೆತ ಬಿದ್ದೀತು, ಮನೆಯಿಂದ ಹೊರಹಾಕಿಯಾರು ಎಂಬ ಭಯವಿರುವ ಹೆಂಗಸರಿಗೆ ಈ ಕಾಯಿದೆಯಲ್ಲಿ ರಕ್ಷಣೆಯಿದೆ.

ಧರ್ಮಸಭೆಯ ಕಾನೂನು ಇನ್ನೂ ಆಳಕ್ಕೆ ಹೋಗುತ್ತದೆ. ದಾಂಪತ್ಯವನ್ನೇ ಅಲುಗಿಸಬಲ್ಲ ವಿಷಯವನ್ನು, ಒಪ್ಪಿಗೆ ಪಡೆಯುವುದಕ್ಕಾಗಿಯೇ ಮೋಸದಿಂದ ಬಚ್ಚಿಟ್ಟು ಮಾಡಿಕೊಂಡ ವಿವಾಹ ಸಿಂಧುವಾಗುವುದಿಲ್ಲ ಎಂದು 1983ರ ಕಾನೂನು ಸಂಹಿತೆಯ 1098ನೇ ವಿಧಿ ಹೇಳುತ್ತದೆ. ಪೀಠದ ಮುಂದೆ ವಧು ಹೇಳುವ ಒಪ್ಪಿಗೆಯೇ ವಿವಾಹ ಸಂಸ್ಕಾರದ ಜೀವ. ಕಣ್ಣಿಗೆ ಬಟ್ಟೆ ಕಟ್ಟಿ ಪಡೆದ ಒಪ್ಪಿಗೆ ಒಪ್ಪಿಗೆಯೇ?

ಹಾಗಾದರೆ ಆ ಹುಡುಗ ಏನು ಮಾಡಬೇಕಿತ್ತು? ಮೊದಲು ಪರೀಕ್ಷೆ, ನಂತರ ಪೂರ್ಣ ಚಿಕಿತ್ಸೆ. ವಾಸಿಯಾಯಿತೆಂದು ವೈದ್ಯರು ಪರೀಕ್ಷೆಯಿಂದ ಖಚಿತಪಡಿಸುವವರೆಗೆ ಮದುವೆಯನ್ನು ಮುಂದೂಡಬೇಕಿತ್ತು. ಪೂರ್ತಿ ವಾಸಿಯಾದ ರೋಗ ಅವಳಿಗೆ ತಗಲುವುದಿಲ್ಲ. ಆಮೇಲೆ ಹೇಳುವುದು ಬಿಡುವುದು ಅವನ ಮನಸ್ಸಾಕ್ಷಿಗೆ ಬಿಟ್ಟದ್ದು, ಗುರುಗಳ ಸಲಹೆ ಕೇಳಿ ತೀರ್ಮಾನಿಸಲಿ. ಎಚ್‌ಐವಿ, ಹರ್ಪಿಸ್‌ನಂತೆ ಮೈಯಲ್ಲೇ ಉಳಿಯುವ ಸೋಂಕಾದರೆ ಆಯ್ಕೆಯಿಲ್ಲ. ಮದುವೆಗೆ ಮುಂಚೆ ಹೇಳಲೇಬೇಕು. ಅವಳು ಬೇಡವೆನ್ನಬಹುದು, ಅದು ಅವಳ ಹಕ್ಕು. ಹೇಳುವುದರಿಂದ ಒಂದು ಸಂಬಂಧ ತಪ್ಪಿಹೋದೀತು. ಹೇಳದಿದ್ದರೆ ಒಂದು ಜೀವ ಹಾಳಾದೀತು. ಯಾವುದು ಹೆಚ್ಚಿನ ನಷ್ಟ?

ಈಗಾಗಲೇ ಮದುವೆಯಾದವರಿಗೆ ಇನ್ನೊಂದು ಮಾತು. ಗಂಡ ಕದ್ದು ಹೋಗಿ ಒಬ್ಬನೇ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು, ಹೆಂಡತಿಯನ್ನು ಹಾಗೆಯೇ ಬಿಡುವುದುಂಟು. ಅವಳಿಂದ ಅವನಿಗೆ ರೋಗ ಮತ್ತೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ತಾನು ವಾಸಿಯಾಗಿ ಅವಳನ್ನು ರೋಗದಲ್ಲಿ ಬಿಟ್ಟವನು ಎರಡನೆಯ ಸಲ ದ್ರೋಹ ಮಾಡಿದಂತೆ. ಸಂಗಾತಿಯನ್ನೂ ಕರೆದು ತನ್ನಿ ಎಂದು ವೈದ್ಯರು ಹೇಳುವುದು ಕುತೂಹಲಕ್ಕಲ್ಲ, ಅದು ಚಿಕಿತ್ಸೆಯ ಅರ್ಧ ಭಾಗ.

ಹುಟ್ಟಲಿರುವ ಕೂಸು

ಗರ್ಭಿಣಿಯಲ್ಲಿ ಚಿಕಿತ್ಸೆಯಿಲ್ಲದ ಸಿಫಿಲಿಸ್ ಇದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಅವಧಿಗೆ ಮುಂಚೆ ಹುಟ್ಟಬಹುದು, ಕಣ್ಣು ಕಿವಿ ಮೂಳೆಗಳ ದೋಷದಿಂದ ನರಳಬಹುದು. ಸಕಾಲಕ್ಕೆ ಪೆನಿಸಿಲಿನ್ ಕೊಟ್ಟರೆ ತಾಯಿಯೊಂದಿಗೆ ಮಗುವೂ ಉಳಿಯುತ್ತದೆ. ಎಚ್‌ಐವಿ ಇರುವ ತಾಯಿಗೆ ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಮಗುವಿಗೆ ತಗಲುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಔಷಧ ಸೇವಿಸಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಾದ ಕೂಡಲೇ ಸರ್ಕಾರಿ ಆಸ್ಪತ್ರೆಯಲ್ಲಿ ಈ ಎರಡೂ ಪರೀಕ್ಷೆಗಳನ್ನು ಮಾಡುತ್ತಾರೆ. ನಮ್ಮ ಮನೆಯವರಿಗೆ ಅದೆಲ್ಲ ಏಕೆ ಎಂದು ಸಿಟ್ಟಾಗುವ ಹಿರಿಯರಿದ್ದಾರೆ. ಗರ್ಭದಲ್ಲಿನ ಜೀವವನ್ನು ಕಾಪಾಡಬೇಕೆಂದು ನಾವು ಪ್ರತಿ ವರ್ಷ ಪ್ರಾರ್ಥಿಸುತ್ತೇವೆ. ಅದೇ ಜೀವಕ್ಕಾಗಿ ಒಂದು ಹನಿ ರಕ್ತ ಕೊಡಲು ಹಿಂಜರಿಯಬೇಕೇ?

ಬರುವ ಮುಂಚೆ

ತಡೆಯುವ ದಾರಿಗಳಲ್ಲಿ ಮೊದಲನೆಯದು ಧರ್ಮಸಭೆ ಎಂದಿನಿಂದಲೂ ಹೇಳುತ್ತಿರುವುದೇ: ಮದುವೆಗೆ ಮುಂಚೆ ಸಂಯಮ, ಮದುವೆಯ ನಂತರ ನಿಷ್ಠೆ. ವೈದ್ಯರೂ ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಷ್ಠೆ ಇಬ್ಬರಲ್ಲೂ ಇದ್ದರೆ ಮಾತ್ರ ರಕ್ಷಣೆ. ಒಬ್ಬಳ ನಿಷ್ಠೆ ಅವಳನ್ನೇ ಕಾಪಾಡಲಿಲ್ಲವೆಂಬುದಕ್ಕೆ ನಮ್ಮ ಆಸ್ಪತ್ರೆಗಳು ಸಾಕ್ಷಿ. ಹೆಣ್ಣುಮಕ್ಕಳಿಗೆ ಶುದ್ಧತೆಯನ್ನು ದಿನವೂ ಬೋಧಿಸುವ ನಾವು ಗಂಡುಮಕ್ಕಳಿಗೆ ಎಷ್ಟು ಸಲ ಬೋಧಿಸಿದ್ದೇವೆ?

ಎರಡನೆಯದು, ಮದುವೆಗೆ ಮುಂಚೆ ಇಬ್ಬರೂ ಮನಃಪೂರ್ವಕವಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು. ಜಾತಕ ನೋಡದ ನಾವು ರಕ್ತಪರೀಕ್ಷೆ ನೋಡಬಹುದಲ್ಲ. ಸೋಂಕು ತಗಲಿದ ಮೊದಲ ಕೆಲವು ವಾರ ಎಚ್‌ಐವಿ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಯಾವಾಗ ಮತ್ತೊಮ್ಮೆ ಮಾಡಿಸಬೇಕೆಂದು ಕೇಳಿ ತಿಳಿದುಕೊಳ್ಳಬೇಕು.

ಮೂರನೆಯದು ಲಸಿಕೆ. ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಅದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಕೊಡಿಸಿದರೆ ಹೆಚ್ಚಿನ ರಕ್ಷಣೆ ಸಿಗುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿಯೂ ದೊರೆತಿದೆ. ಲಸಿಕೆ ಕೊಡಿಸಿದರೆ ಮಗಳು ದಾರಿ ತಪ್ಪುವಳೇ ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ಟೆಟನಸ್ ಚುಚ್ಚುಮದ್ದು ಕೊಡಿಸಿದ್ದೇವೆಂದು ಯಾವ ಮಗುವೂ ಹುಡುಕಿಕೊಂಡು ಹೋಗಿ ಮೊಳೆ ತುಳಿಯುವುದಿಲ್ಲ ಎಂದೆ. ಮಗಳು ಎಷ್ಟೇ ಶೀಲವಂತೆಯಾದರೂ ನಾಳೆ ಕೈಹಿಡಿಯುವವನ ಹಿಂದಿನ ದಿನಗಳನ್ನು ನಾವು ಬಲ್ಲೆವೇ?

ಕಾಂಡೋಮ್ ವಿಷಯವನ್ನೂ ಮುಚ್ಚಿಡಬಾರದು. ಅದು ಸೋಂಕಿನ ಸಂಭವವನ್ನು ಬಹಳ ಕಡಿಮೆ ಮಾಡುತ್ತದೆ, ಪೂರ್ತಿಯಾಗಿ ಇಲ್ಲವಾಗಿಸುವುದಿಲ್ಲ. ಧರ್ಮಸಭೆ ಅದನ್ನು ನೀತಿಯ ಉತ್ತರವೆಂದು ಒಪ್ಪಿಲ್ಲ. 2010ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥವೊಂದರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು, ಕೆಲವು ಪ್ರಸಂಗಗಳಲ್ಲಿ ಇನ್ನೊಬ್ಬರಿಗೆ ರೋಗ ತಗಲದಿರಲೆಂಬ ಉದ್ದೇಶದಿಂದ ಅದನ್ನು ಬಳಸುವುದು ಹೊಣೆಗಾರಿಕೆಯತ್ತ ಇಡುವ ಮೊದಲ ಹೆಜ್ಜೆಯಾಗಬಹುದು ಎಂಬರ್ಥದ ಮಾತಾಡಿದರು. ಬೋಧನೆ ಬದಲಾಗಿಲ್ಲವೆಂದು ವ್ಯಾಟಿಕನ್ ಅದೇ ವರ್ಷ ಸ್ಪಷ್ಟಪಡಿಸಿತು. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದರೆ ವೈದ್ಯರನ್ನೂ ಗುರುಗಳನ್ನೂ ಇಬ್ಬರೂ ಕೂಡಿ ಕಂಡು ಮುಚ್ಚುಮರೆಯಿಲ್ಲದೆ ಮಾತನಾಡಲಿ. ಎಚ್‌ಐವಿ ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ನಿಂತರೆ ಸಂಗದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂಬುದು ಇಂದು ದೃಢಪಟ್ಟಿದೆ. ಈ ಔಷಧ ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಸೋಂಕು ತಗಲಿರಬಹುದೆಂಬ ಭಯವಿದ್ದರೆ 72 ಗಂಟೆಗಳೊಳಗೆ ಆಸ್ಪತ್ರೆಗೆ ಹೋದರೆ ತಡೆಯುವ ಔಷಧವೂ ಉಂಟು.

ಧರ್ಮಕೇಂದ್ರದ ಪಾಲು

ಒಬ್ಬನು ಮುಚ್ಚಿಡುತ್ತಾನೆಂದರೆ ತಪ್ಪು ಅವನೊಬ್ಬನದೇ ಅಲ್ಲ. ತೆರೆದಿಟ್ಟರೆ ನಾವು ಏನು ಮಾಡುತ್ತೇವೆಂದು ಅವನಿಗೆ ಗೊತ್ತು. ಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿಯುವ ಮೊದಲೇ ಸುದ್ದಿ ಹತ್ತು ಮನೆ ಮುಟ್ಟಿರುತ್ತದೆ. 1987ರಲ್ಲಿ, ಲೋಕವೇ ಏಡ್ಸ್ ರೋಗಿಗಳನ್ನು ಮುಟ್ಟಲು ಅಂಜುತ್ತಿದ್ದಾಗ, ಜಗದ್ಗುರು ಎರಡನೇ ಜಾನ್ ಪಾಲರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ರೋಗವಿದ್ದ ಪುಟ್ಟ ಬಾಲಕನೊಬ್ಬನನ್ನು ಎತ್ತಿ ಅಪ್ಪಿಕೊಂಡರು. ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳಿ ಆಮೇಲೆ ಅಪ್ಪಿಕೊಳ್ಳಲಿಲ್ಲ. ನಮ್ಮ ನಾಲಗೆ ಸುಮ್ಮನಿದ್ದರೆ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಹಾಗೆ ನೋಡಿದರೆ ಚಾಡಿ ಹೇಳದಿರುವುದೂ ಒಂದು ಔಷಧವೇ.

ಆ ಚೀಟಿ ಬರೆದ ತಮ್ಮನೇ, ನೀನು ಈಗ ಎಲ್ಲಿದ್ದೀಯೋ ನಾನರಿಯೆ. ಮದುವೆಯಾಗಿರಬಹುದು, ಮಕ್ಕಳೂ ಇರಬಹುದು. ಅಂದು ಕೊಡಬೇಕಾಗಿದ್ದ ಉತ್ತರ ಇದು. ದೇವರು ನಿನ್ನನ್ನು ಕ್ಷಮಿಸಿದ್ದು ನಿಜ, ಅದರಲ್ಲಿ ಸಂದೇಹ ಬೇಡ. ಕ್ಷಮೆ ಪಡೆದವನಿಗೆ ಹೆದರಿಕೆ ಇರಬಾರದು. ಹೆದರಿಕೆ ಇಲ್ಲದವನು ವೈದ್ಯರ ಮುಂದೆ ಕುಳಿತು ಇದ್ದುದನ್ನು ಇದ್ದಹಾಗೆ ಹೇಳಬಲ್ಲ, ಹೆಂಡತಿಯ ಕೈಹಿಡಿದು ಅವಳನ್ನೂ ಕರೆದೊಯ್ಯಬಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಈ ರೋಗಗಳಿಗೆ ಪರೀಕ್ಷೆಯೂ ಔಷಧವೂ ದೊರೆಯುತ್ತವೆ, ಕೇಳಿದ್ದನ್ನು ಗುಟ್ಟಾಗಿಡುವ ಆಪ್ತಸಲಹೆಗಾರರಿದ್ದಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097 ಎಂಬ ಉಚಿತ ಸಹಾಯವಾಣಿಗೆ ಫೋನ್ ಮಾಡು. ಎಷ್ಟು ವರ್ಷ ಕಳೆದಿದ್ದರೂ ಪರೀಕ್ಷೆಗೆ ತಡವಾಗಿಲ್ಲ.

ಪಾಪನಿವೇದನೆಗೆ ಹೋಗಲು ನಿನಗೆ ಧೈರ್ಯವಿತ್ತು. ಆಸ್ಪತ್ರೆಯ ಚೀಟಿ ಬರೆಸಲು ಅದರ ಅರ್ಧದಷ್ಟು ಧೈರ್ಯ ಸಾಕು. ನಾಳೆ ಬೆಳಿಗ್ಗೆಯೇ ಹೋಗು. ಅವಳನ್ನೂ ಕರೆದುಕೊಂಡು ಹೋಗು.